ಸೈತಾನ ಬಿಡುಗಡೆಯಾದ ದಿನ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತಿನ ಕತೆ 1995ರ ಏಪ್ರಿಲ್ 5ರದ್ದು. ಆ ದಿನ ಇಬ್ಬರು ಪ್ರೋಗ್ರಾಮರ್‌ಗಳು, ಒಬ್ಬ ಅಮೆರಿಕದವನು, ಇನ್ನೊಬ್ಬ ನೆದರ್‌ಲ್ಯಾಂಡ್ಸ್‌ನವನು, ತಾವು ಬರೆದ ಒಂದು ಸಾಫ್ಟ್‌ವೇರನ್ನು ಇಂಟರ್ನೆಟ್ಟಿಗೆ ಬಿಟ್ಟರು. ಪುಕ್ಕಟೆಯಾಗಿ. ಯಾರು ಬೇಕಾದರೂ ಡೌನ್‌ಲೋಡ್ ಮಾಡ್ಕೊಳ್ಳಬಹುದು. ಅದರ ಹೆಸರು ಸೇಟನ್. ಹೌದು, ನಮ್ಮ ಸೈತಾನನೇ. ಬಿಡಿಸಿ ಹೇಳಿದರೆ 'ಸೆಕ್ಯುರಿಟಿ ಅಡ್ಮಿನಿಸ್ಟ್ರೇಟರ್ ಟೂಲ್ ಫಾರ್ ಅನಲೈಸಿಂಗ್ ನೆಟ್‌ವರ್ಕ್ಸ್'. ಮೊದಲು ಹೆಸರು ಹುಡುಕಿ ಆಮೇಲೆ ಅದಕ್ಕೆ ಹೊಂದೋ ಹಾಗೆ ಪದ ಜೋಡಿಸಿದ್ದಾರೆ ಅನ್ನೋದು ನನ್ನ ಗುಮಾನಿ.

ಅದು ಬಿಡುಗಡೆಯಾಗೋಕೆ ವಾರಗಳ ಮುಂಚೆಯೇ ಅಮೆರಿಕದ ಪತ್ರಿಕೆಗಳಲ್ಲಿ ಗಲಾಟೆ ಶುರುವಾಗಿತ್ತು. ಮಕ್ಕಳ ಕೈಗೆ ಬಂದೂಕು ಕೊಟ್ಟ ಹಾಗೆ ಅಂದರು. ಊರೂರಿಗೆ ರಾಕೆಟ್ ಲಾಂಚರ್ ಹಂಚಿದ ಹಾಗೆ ಅಂದವರೂ ಇದ್ದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಸರ್ಟ್ ಅನ್ನೋ ಸಂಸ್ಥೆ, ಇಂಟರ್ನೆಟ್ಟಿನ ಅಗ್ನಿಶಾಮಕ ದಳ ಅಂದ್ಕೊಳ್ಳಿ, ಏಪ್ರಿಲ್ 3ಕ್ಕೇ ಒಂದು ಎಚ್ಚರಿಕೆ ಪ್ರಕಟಿಸಿತು. ಅದೇ ವರ್ಷ ಫೆಬ್ರವರಿಯಲ್ಲಿ ಕೆವಿನ್ ಮಿಟ್ನಿಕ್ ಅನ್ನೋ ಹ್ಯಾಕರ್‌ನನ್ನು ಎಫ್‌ಬಿಐ ಹಿಡಿದಿತ್ತು. ಆ ಸುದ್ದಿಯ ಬಿಸಿ ಇನ್ನೂ ಆರಿರಲಿಲ್ಲ. ಅದರ ಮೇಲೆ ಈ ಸೈತಾನ.

ಮುಂದೇನಾಯ್ತು ಅನ್ನೋದಕ್ಕೆ ಮೊದಲು, ಇಂಥ ಟೂಲ್ ಯಾಕೆ ಬೇಕಾಯ್ತು ಅಂತ ನೋಡಬೇಕು. ಅದಕ್ಕೆ ನೀವು ಒಂದು ವಠಾರವನ್ನ ಕಲ್ಪಿಸ್ಕೊಳ್ಳಿ.

ಹಳೇ ಬೆಂಗಳೂರು, ಹಳೇ ಮೈಸೂರಿನ ವಠಾರ. ಬೀದಿ ಕಡೆಗೆ ಒಂದೇ ದೊಡ್ಡ ಬಾಗಿಲು. ಒಳಗೆ ಸಾಲಾಗಿ ಮನೆಗಳು, ನಡುವೆ ಒಂದು ಅಂಗಳ, ಒಂದು ನಲ್ಲಿ. ಹಗಲಲ್ಲಿ ಯಾರೂ ಮನೆ ಬಾಗಿಲು ಹಾಕ್ತಿರಲಿಲ್ಲ. ಒಂದು ಮನೆಯಲ್ಲಿ ಆಡಿದ ಮಾತು ಪಕ್ಕದ ಮನೆಗೆ ಕೇಳ್ತಿತ್ತು. ಎಂಬತ್ತರ ದಶಕದ ಆಫೀಸು, ಕಾಲೇಜುಗಳ ಲೋಕಲ್ ನೆಟ್‌ವರ್ಕು ಇದ್ದದ್ದು ಹೀಗೇ. 1973ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ ಹುಟ್ಟಿದ ಈಥರ್ನೆಟ್‌ನಲ್ಲಿ ಎಲ್ಲ ಕಂಪ್ಯೂಟರುಗಳೂ ಒಂದೇ ಕೇಬಲ್ಲಿಗೆ ಅಂಟ್ಕೊಂಡಿದ್ದವು. ಒಂದು ಯಂತ್ರ ಕಳಿಸಿದ ಸಂದೇಶ ಕೇಬಲ್ ಮೇಲಿರೋ ಎಲ್ಲದಕ್ಕೂ ತಲುಪ್ತಿತ್ತು. 'ನನಗೆ ಬಂದಿದ್ದಲ್ಲ' ಅಂತ ಉಳಿದವು ಸುಮ್ಮನಿರ್ತಿದ್ದವು, ಅಷ್ಟೆ. ಸುಮ್ಮನಿರೋದು ಮರ್ಯಾದೆಯ ಪ್ರಶ್ನೆ, ಬೀಗದ ಪ್ರಶ್ನೆ ಅಲ್ಲ. ಕಿವಿ ಕೊಡೋಕೆ ಮನಸ್ಸು ಮಾಡಿದರೆ ಪಕ್ಕದವರ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಸಿಗ್ತಿತ್ತು, ಯಾಕಂದ್ರೆ ಟೆಲ್ನೆಟ್‌ನಂಥ ಅಂದಿನ ಪ್ರೋಗ್ರಾಮುಗಳು ಪಾಸ್‌ವರ್ಡನ್ನು ಬಿಚ್ಚಿಟ್ಟೇ ಕಳಿಸ್ತಿದ್ದವು.

ಇನ್ನೊಂದು ಸ್ವಾರಸ್ಯ ಕೇಳಿ. ಅಂದಿನ ಯೂನಿಕ್ಸ್ ಯಂತ್ರಗಳಲ್ಲಿ 'ಹೋಸ್ಟ್ಸ್ ಡಾಟ್ ಇಕ್ವಿವ್' ಅನ್ನೋ ಒಂದು ಫೈಲ್ ಇರ್ತಿತ್ತು. ನಾನು ನಂಬುವ ಯಂತ್ರಗಳು ಯಾವುವು ಅನ್ನೋ ಪಟ್ಟಿ ಅದು. ಪಟ್ಟಿಯಲ್ಲಿ ಹೆಸರಿದ್ದರೆ ಪಾಸ್‌ವರ್ಡ್ ಕೇಳದೇ ಒಳಗೆ ಬಿಡ್ತಿತ್ತು. ಹೆಸರುಗಳ ಬದಲು ಬರೀ ಒಂದು ಪ್ಲಸ್ ಚಿಹ್ನೆ ಹಾಕಿದ್ರೆ ಅರ್ಥ ಏನು ಗೊತ್ತಾ? 'ಎಲ್ಲರನ್ನೂ ನಂಬು.' ಸನ್ ಕಂಪನಿಯ ಆಗಿನ ಯಂತ್ರಗಳು ಆ ಪ್ಲಸ್ ಸಮೇತವೇ ಡಬ್ಬದಿಂದ ಆಚೆ ಬರ್ತಿದ್ದವು. ಕೊಂಡವರು ತೆಗೆಯದಿದ್ದರೆ ಅದು ಹಾಗೇ ಇರ್ತಿತ್ತು. ಬಹಳ ಜನ ತೆಗೀಲಿಲ್ಲ.

ವಠಾರದ ಒಳಗೆ ಎಲ್ಲರೂ ಪರಿಚಯದವರು ಆಗಿದ್ದಷ್ಟು ದಿನ ಇದು ನಡೀತು. ಆಮೇಲೆ ವಠಾರದ ಗೋಡೆಗಳೇ ಬಿದ್ದವು. ಲೋಕಲ್ ನೆಟ್‌ವರ್ಕುಗಳನ್ನೆಲ್ಲ ಸೇರಿಸಿ ಇಂಟರ್ನೆಟ್ ಆಯ್ತು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಅನ್ನೋ ವಿದ್ಯಾರ್ಥಿ ಬಿಟ್ಟ ವರ್ಮ್ ಸುಮಾರು 6,000 ಯಂತ್ರಗಳಿಗೆ ಹರಡಿತು ಅಂತ ಅಂದಾಜು. ಆ ಕಾಲಕ್ಕೆ ಅದು ಇಡೀ ಇಂಟರ್ನೆಟ್ಟಿನ ಹತ್ತರಲ್ಲೊಂದು ಭಾಗ. ಅದು ಹಬ್ಬಿದ್ದು ಈ ನಂಬಿಕೆಯ ಪಟ್ಟಿಗಳನ್ನು, ಊಹಿಸೋಕೆ ಸುಲಭವಾದ ಪಾಸ್‌ವರ್ಡುಗಳನ್ನು, ಒಂದೆರಡು ಪ್ರೋಗ್ರಾಮುಗಳ ತಪ್ಪುಗಳನ್ನು ಹಿಡಿದು. ಸರ್ಟ್ ಹುಟ್ಟಿದ್ದೇ ಆ ಘಟನೆಯಿಂದ. 1994ರ ಫೆಬ್ರವರಿಯಲ್ಲಿ ಅದೇ ಸರ್ಟ್ ಇನ್ನೊಂದು ಎಚ್ಚರಿಕೆ ಕೊಡ್ತು: ಯಾರೋ ಕೇಬಲ್ಲುಗಳಿಗೆ ಕಿವಿಗೊಟ್ಟು ಹತ್ತಾರು ಸಾವಿರ ಪಾಸ್‌ವರ್ಡುಗಳನ್ನು ಕೂಡಿಟ್ಟಿದ್ದಾರೆ ಅಂತ.

ಈಗ ನಮ್ಮ ಇಬ್ಬರು ಕತೆಗೆ ಬರ್ತಾರೆ.

ಮೊದಲನೆಯವನು ಡ್ಯಾನ್ ಫಾರ್ಮರ್. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದಾಗ ಪ್ರೊಫೆಸರ್ ಜೀನ್ ಸ್ಪಾಫರ್ಡ್ ಜೊತೆ ಸೇರಿ ಕಾಪ್ಸ್ ಅನ್ನೋ ಟೂಲ್ ಬರೆದವನು. ಒಂದು ಯೂನಿಕ್ಸ್ ಯಂತ್ರದ ಒಳಗೆ ಕೂತು 'ಈ ಫೈಲಿಗೆ ಎಲ್ಲರೂ ಬರೆಯಬಹುದು, ಈ ಪಾಸ್‌ವರ್ಡ್ ದುರ್ಬಲ' ಅಂತ ಪಟ್ಟಿ ಮಾಡಿಕೊಡೋದು ಅದರ ಕೆಲಸ. ನಾನು ಬಿಕಾಂ ಓದಿದವನು, ನನಗೆ ಇದು ಅರ್ಥವಾಗೋದು ಆಡಿಟ್ ಭಾಷೆಯಲ್ಲಿ. ಕಾಪ್ಸ್ ಅಂದ್ರೆ ಇಂಟರ್ನಲ್ ಆಡಿಟರ್. ಒಳಗೆ ಕುರ್ಚಿ ಕೊಟ್ಟು, ಲೆಡ್ಜರ್ ಕೈಗೆ ಕೊಟ್ಟ ಮೇಲೆ ತಪ್ಪು ಹುಡುಕೋನು.

ಎರಡನೆಯವನು ವೀಟ್ಸೆ ವೆನೆಮಾ, ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದವನು. ಇವನ ಕತೆ ನನಗೆ ಇನ್ನೂ ಇಷ್ಟ. ಅಲ್ಲಿನ ಯಂತ್ರಗಳಿಗೆ ಒಬ್ಬ ಪದೇ ಪದೇ ನುಗ್ಗಿ ಫೈಲುಗಳನ್ನೆಲ್ಲ ಅಳಿಸಿಹಾಕಿ ಹೋಗ್ತಿದ್ದ. ಬೇರೆಯವರಾಗಿದ್ದರೆ ಬಾಗಿಲು ಮುಚ್ಚಿ ಕೂರ್ತಿದ್ದರೇನೋ. ವೆನೆಮಾ ಬಾಗಿಲ ಪಕ್ಕ ಒಬ್ಬ ಗುಮಾಸ್ತನನ್ನ ಕೂರಿಸಿದ. ಟಿಸಿಪಿ ರ‍್ಯಾಪರ್ ಅನ್ನೋ ಪುಟ್ಟ ಪ್ರೋಗ್ರಾಮ್. ಯಾರು ಬಂದರು, ಎಲ್ಲಿಂದ ಬಂದರು ಅಂತ ಸುಮ್ಮನೆ ರಿಜಿಸ್ಟರಿನಲ್ಲಿ ಬರ್ಕೊಳ್ಳೋದು. ಆಮೇಲೆ ಅದು ಯಾರನ್ನ ಬಿಡಬೇಕು, ಯಾರನ್ನ ಬಿಡಬಾರದು ಅನ್ನೋದನ್ನೂ ಕಲಿತು, ಪ್ರಪಂಚದ ಯೂನಿಕ್ಸ್ ಯಂತ್ರಗಳಿಗೆಲ್ಲ ಹರಡಿತು.

1993ರಲ್ಲಿ ಇಬ್ಬರೂ ಸೇರಿ ಒಂದು ಲೇಖನ ಬರೆದರು. ನಿಮ್ಮ ಸೈಟಿಗೆ ನೀವೇ ನುಗ್ಗಿ ನೋಡಿ, ಆಗ ಭದ್ರತೆ ಹೆಚ್ಚಾಗುತ್ತೆ ಅನ್ನೋದೇ ಅದರ ವಾದ. ಆಗಿನ ಪದ್ಧತಿಗೆ ಇದು ಪೂರ್ತಿ ಉಲ್ಟಾ. ಭದ್ರತೆಯ ದೋಷ ಸಿಕ್ಕರೆ ಅದನ್ನು ಕಂಪನಿಗೆ ಗುಟ್ಟಾಗಿ ಹೇಳಬೇಕು, ಕಂಪನಿ ತನಗೆ ಪುರುಸೊತ್ತಾದಾಗ ಸರಿಮಾಡುತ್ತೆ, ಅಲ್ಲೀವರೆಗೆ ಯಾರೂ ಬಾಯಿ ಬಿಡಬಾರದು: ಇದೇ ಅಂದಿನ ಶಿಷ್ಟಾಚಾರ. ಆದರೆ ಕಳ್ಳರು ಆ ಶಿಷ್ಟಾಚಾರ ಪಾಲಿಸ್ತಿರಲಿಲ್ಲ. ಅವರವರಲ್ಲಿ ದೋಷಗಳ ಪಟ್ಟಿ ಕೈಯಿಂದ ಕೈಗೆ ಓಡಾಡ್ತಿತ್ತು. ಗೊತ್ತಿಲ್ಲದೇ ಇದ್ದವರು ಯಾರು ಅಂದ್ರೆ, ನೂರು ಯಂತ್ರ ನೋಡ್ಕೊಳ್ತಾ ಒಬ್ಬನೇ ಕೂತಿರ್ತಿದ್ದ ಸಿಸ್ಟಮ್ ಅಡ್ಮಿನಿಸ್ಟ್ರೇಟರ್.

ಸೇಟನ್ ಅವನಿಗಾಗಿ ಬರೆದ ಟೂಲ್. ಇದು ಒಳಗೆ ಕೂರೋ ಆಡಿಟರ್ ಅಲ್ಲ, ಹೊರಗಿನಿಂದ ಬಂದು ನೋಡೋನು. ರಾತ್ರಿ ಬೀಟಿಗೆ ಬರೋ ಗೂರ್ಖಾ ಅಂಗಡಿಗಳ ಬೀಗ ಒಂದೊಂದಾಗಿ ಅಲುಗಾಡಿಸಿ ನೋಡ್ತಾನಲ್ಲ, ಹಾಗೆ. ಒಂದು ಯಂತ್ರದ ಅಥವಾ ಇಡೀ ನೆಟ್‌ವರ್ಕಿನ ವಿಳಾಸ ಕೊಟ್ಟರೆ, ಯಾವ ಸೇವೆಗಳು ತೆರೆದಿವೆ ಅಂತ ತಟ್ಟಿ ನೋಡ್ತಿತ್ತು. ಹಂಚಿಕೊಂಡ ಡಿಸ್ಕು ಇಡೀ ಪ್ರಪಂಚಕ್ಕೇ ತೆರೆದಿದೆಯಾ? ಮೇಲ್ ಕಳಿಸೋ ಪ್ರೋಗ್ರಾಮ್ ಹಳೇ ಆವೃತ್ತಿಯಾ? ಫೈಲ್ ಹಂಚೋ ಎಫ್‌ಟಿಪಿ ಫೋಲ್ಡರಿನಲ್ಲಿ ಯಾರು ಬೇಕಾದರೂ ಬರೆಯಬಹುದಾ? ಆ ದರಿದ್ರ ಪ್ಲಸ್ ಚಿಹ್ನೆ ಇನ್ನೂ ಇದೆಯಾ? ಇಷ್ಟೇ. ಒಳಗೆ ನುಗ್ಗಿ ಏನನ್ನೂ ಕದೀತಿರಲಿಲ್ಲ, ವರದಿ ಬರೀತಿತ್ತು. ಗಮನಿಸಿ, ಅದು ಹುಡುಕ್ತಿದ್ದ ದೋಷಗಳಲ್ಲಿ ಹೊಸದು ಅನ್ನೋದೇನೂ ಇರಲಿಲ್ಲ. ಎಲ್ಲವೂ ಆಗಲೇ ಸರ್ಟ್ ಪ್ರಕಟಣೆಗಳಲ್ಲೋ, ತಜ್ಞರ ಚರ್ಚೆಯಲ್ಲೋ ಬಂದಿದ್ದವು.

ಹೊಸದಾಗಿದ್ದದ್ದು ಎರಡು. ಒಂದು, ನಂಬಿಕೆಯ ಜಾಲವನ್ನ ಅದು ಲೆಕ್ಕ ಹಾಕ್ತಿತ್ತು. ನಿಮ್ಮ ಯಂತ್ರ ಭದ್ರವಾಗಿರಬಹುದು, ಆದರೆ ಅದು ನಂಬೋ ಪಕ್ಕದ ಯಂತ್ರ ದುರ್ಬಲವಾಗಿದ್ದರೆ ನಿಮ್ಮದೂ ಹೋದ ಹಾಗೇ. ಎರಡು, ಅದನ್ನು ವೆಬ್ ಬ್ರೌಸರ್‌ನಲ್ಲಿ ಕ್ಲಿಕ್ ಮಾಡಿ ಓಡಿಸಬಹುದಿತ್ತು. 1995ರಲ್ಲಿ ಬ್ರೌಸರ್ ಅನ್ನೋದೇ ಹೊಸ ಆಟಿಕೆ. ಜನ ಹೆದರಿದ್ದು ಈ ಎರಡನೆಯದಕ್ಕೆ. ಜ್ಞಾನ ಇದ್ದವರ ಕೈಯಲ್ಲಿದ್ದಾಗ ಯಾರಿಗೂ ಚಿಂತೆ ಇರಲಿಲ್ಲ. ಮೌಸ್ ಹಿಡಿಯೋಕೆ ಬಂದರೆ ಸಾಕು ಅಂದಾಗ ಚಿಂತೆ ಶುರುವಾಯ್ತು. ಇದನ್ನ ಆ ಕಾಲದ ಭದ್ರತಾ ಪಂಡಿತರ ಸಣ್ಣತನ ಅಂತ ನಾನು ಓದ್ತೀನಿ. ಒಪ್ಪದವರು ಕಾಮೆಂಟಿನಲ್ಲಿ ಬೈಯಬಹುದು.

ಇದಕ್ಕೆ ಬೆಲೆ ಕಟ್ಟಿದವನು ಫಾರ್ಮರ್. ಆಗ ಅವನು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಲ್ಲಿದ್ದ. ಜುರಾಸಿಕ್ ಪಾರ್ಕ್ ಚಿತ್ರದ ಡೈನೋಸಾರುಗಳನ್ನ ಮಾಡಿದ್ದು ಇವರ ಯಂತ್ರಗಳಲ್ಲೇ. ಸೇಟನ್ ಬಿಡುಗಡೆ ಮಾಡ್ತೀನಿ ಅನ್ನೋ ಹಟಕ್ಕೆ ಅವನು ಆ ಕೆಲಸ ಕಳ್ಕೊಂಡ. ಆದರೂ ಹೇಳಿದ ದಿನಕ್ಕೆ ಬಿಡುಗಡೆ ಮಾಡಿದ.

ಹೆಸರಿನ ವಿಷಯಕ್ಕೆ ಒಂದು ಚಿಕ್ಕ ತಮಾಷೆ. ಸೈತಾನ ಅನ್ನೋ ಹೆಸರು ಇಷ್ಟವಾಗದವರಿಗೆ ಅಂತಲೇ ಪ್ಯಾಕೇಜಿನಲ್ಲಿ 'ರಿಪೆಂಟ್' ಅನ್ನೋ ಒಂದು ಸ್ಕ್ರಿಪ್ಟ್ ಇಟ್ಟಿದ್ದರು, ಅಂದ್ರೆ ಪಶ್ಚಾತ್ತಾಪ. ಅದನ್ನು ಓಡಿಸಿದರೆ ಎಲ್ಲ ಕಡೆ ಸೇಟನ್ ಹೋಗಿ ಸ್ಯಾಂಟಾ ಆಗ್ತಿತ್ತು. ಇಂಗ್ಲಿಷಿನಲ್ಲಿ ಒಂದಕ್ಷರ ಜಾಗ ಬದಲಾಯಿಸಿದರೆ ಸೈತಾನ ಹೋಗಿ ಕ್ರಿಸ್‌ಮಸ್ ತಾತ! ಅದರ ಕೈಪಿಡಿಗೆ ಚಿತ್ರ ಬರೆದುಕೊಟ್ಟವನು ಸ್ಯಾಂಡ್‌ಮ್ಯಾನ್ ಕಾಮಿಕ್ಸ್ ಬರೆದ ನೀಲ್ ಗೈಮನ್.

ಸರಿ, ಏಪ್ರಿಲ್ 5 ಬಂತು, ಹೋಯ್ತು. ಇಂಟರ್ನೆಟ್ ಕುಸಿದು ಬಿತ್ತಾ?

ಬೀಳಲಿಲ್ಲ. ಹೇಳಿದಂಥ ಪ್ರಳಯ ಏನೂ ಆಗಲಿಲ್ಲ. ಬಿಡುಗಡೆಯ ಗದ್ದಲದಲ್ಲೇ ಒಂದಷ್ಟು ಅಡ್ಮಿನಿಸ್ಟ್ರೇಟರುಗಳು ಗಡಿಬಿಡಿಯಿಂದ ತಮ್ಮ ಯಂತ್ರ ಸರಿಮಾಡ್ಕೊಂಡರು. ಸೇಟನ್ ಬಂದು ಬಾಗಿಲು ತಟ್ಟಿದರೆ ಹಿಡಿಯೋ ಟೂಲುಗಳೂ ಬಂದವು. ಅಮೆರಿಕದ ಇಂಧನ ಇಲಾಖೆಯ ಭದ್ರತಾ ತಂಡ ಬರೆದ ಅಂಥ ಒಂದಕ್ಕೆ ಕೋರ್ಟ್ನಿ ಅಂತ ಹೆಸರು. ಅಷ್ಟೇ ಅಲ್ಲ, ಸೇಟನ್‌ನಲ್ಲೇ ಒಂದು ತೂತು ಸಿಕ್ತು! ಅದು ಓಡ್ತಿರುವಾಗ ಅದೇ ಬ್ರೌಸರ್‌ನಲ್ಲಿ ಬೇರೆ ಸೈಟಿಗೆ ಹೋದರೆ, ಟೂಲಿನ ಗುಟ್ಟಿನ ಕೀಲಿ ಆ ಸೈಟಿಗೆ ಸೋರಿಹೋಗಬಹುದಿತ್ತು. ಸರ್ಟ್ ಅದಕ್ಕೂ ಒಂದು ಎಚ್ಚರಿಕೆ ಹೊರಡಿಸ್ತು, ಇವರು ಸರಿಮಾಡಿ 1.1 ಆವೃತ್ತಿ ಕೊಟ್ಟರು. ಬೀಗ ನೋಡೋಕೆ ಬಂದ ಗೂರ್ಖಾನ ಜೇಬೇ ಹರಿದಿತ್ತು.

ನಮ್ಮ ದೇಶದಲ್ಲಿ ಆಗ ಏನಿತ್ತು ಅಂತ ಕೇಳಿದರೆ, ಜನಸಾಮಾನ್ಯರಿಗೆ ಇಂಟರ್ನೆಟ್ಟೇ ಇರಲಿಲ್ಲ. ಐಐಎಸ್‌ಸಿಯಂಥ ಕೆಲವು ಸಂಸ್ಥೆಗಳಿಗೆ ಎರ್ನೆಟ್ ಇತ್ತು. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಸೇವೆ ಶುರುಮಾಡಿದ್ದು 1995ರ ಆಗಸ್ಟ್ 15ಕ್ಕೆ, ಸೇಟನ್ ಬಂದು ನಾಲ್ಕು ತಿಂಗಳಾದ ಮೇಲೆ.

ಕತೆ ಇಲ್ಲಿಗೆ ಮುಗಿದರೆ 'ಸುಮ್ಮನೆ ಹೆದರಿದ್ದರು' ಅಂತ ನಕ್ಕು ಎದ್ದುಬಿಡಬಹುದಿತ್ತು. ನನಗೆ ನಿಜಕ್ಕೂ ಕುತೂಹಲ ಹುಟ್ಟಿಸಿದ್ದು ಅದರ ಮುಂದಿನ ವರ್ಷ.

1996ರ ಕೊನೆಗೆ ಫಾರ್ಮರ್ ಒಂದು ಸಮೀಕ್ಷೆ ಮಾಡಿದ. ಬ್ಯಾಂಕುಗಳು, ಪತ್ರಿಕೆಗಳು, ಅಮೆರಿಕದ ಸರ್ಕಾರಿ ಸಂಸ್ಥೆಗಳು, ಹೀಗೆ ಹೆಸರುವಾಸಿ ಸೈಟುಗಳನ್ನೂ, ಹೋಲಿಕೆಗೆ ಯಾದೃಚ್ಛಿಕವಾಗಿ, ಅಂದ್ರೆ ಚೀಟಿ ಎತ್ತಿದ ಹಾಗೆ, ಆರಿಸಿದ ಕೆಲವನ್ನೂ ತಗೊಂಡ. ಒಟ್ಟು ಸುಮಾರು 2,200. ನುಗ್ಗದೇ ಹೊರಗಿಂದ ಮಾತ್ರ ನೋಡಿದ. ಹೆಸರುವಾಸಿ ಸೈಟುಗಳಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚಿನವಕ್ಕೆ ಗಂಭೀರ ದೋಷ ಇತ್ತು. ಬ್ಯಾಂಕುಗಳೂ ಇದಕ್ಕೆ ಹೊರತಲ್ಲ. ಹೆಚ್ಚು ತಮಾಷೆ ಅಂದ್ರೆ, ಚೀಟಿ ಎತ್ತಿ ಆರಿಸಿದ ಸಾಮಾನ್ಯ ಸೈಟುಗಳಲ್ಲಿ ಈ ಪ್ರಮಾಣ ಹೆಚ್ಚೂಕಮ್ಮಿ ಅದರ ಅರ್ಧ. ದೊಡ್ಡವರ ಮನೆಗೆ ಕಿಟಕಿ, ಬಾಗಿಲು, ಬಾಲ್ಕನಿ ಎಲ್ಲ ಜಾಸ್ತಿ. ಹೊಸ ಹೊಸ ಸೇವೆ ಸೇರಿಸ್ತಾ ಹೋದರು, ಚಿಲಕ ಹಾಕೋರು ಇರಲಿಲ್ಲ. ಯಾರೋ ಬಂದು ಬೀಗ ಅಲುಗಾಡಿಸಿ ಹೋಗಿದ್ದಾರೆ ಅಂತ ಗಮನಿಸಿ ಅವನನ್ನು ವಿಚಾರಿಸಿದವರು ಬೆರಳೆಣಿಕೆಯಷ್ಟು ಜನ.

ಯೋಚನೆ ಮಾಡಿ. ಟೂಲ್ ಪುಕ್ಕಟೆ ಸಿಕ್ಕಿ ಒಂದೂವರೆ ವರ್ಷವಾಗಿತ್ತು. ಇಡೀ ದೇಶದ ಪತ್ರಿಕೆಗಳು ಅದರ ಜಾಹೀರಾತನ್ನ ಬಿಟ್ಟಿಯಾಗಿ ಮಾಡಿದ್ದವು. ಬಂದೂಕು, ರಾಕೆಟ್ ಅಂತ ಕಿರುಚಿದ್ದವರು ಕಳ್ಳರ ಬಗ್ಗೆ ತಲೆ ಕೆಡಿಸ್ಕೊಂಡಿದ್ದರು. ಮನೆಯವರು ತಮ್ಮ ಮನೆ ಬಾಗಿಲನ್ನೇ ಒಮ್ಮೆ ತಳ್ಳಿ ನೋಡಲ್ಲ ಅನ್ನೋದನ್ನ ಯಾರೂ ಊಹಿಸಿರಲಿಲ್ಲ.

ಹಾಗಂತ ಫಾರ್ಮರ್ ಮಾಡಿದ್ದೆಲ್ಲ ಸರಿ ಅಂತಲೂ ನಾನು ಹೇಳಲ್ಲ. ಆ ಸಮೀಕ್ಷೆಗೆ ಅವನು ಆ ಸೈಟುಗಳ ಅನುಮತಿ ಕೇಳಿರಲಿಲ್ಲ. ಅದಕ್ಕೆ ಅವನಿಗೆ ಟೀಕೆಯೂ ಬಂತು. ಕಾಮರ್ಸ್ ಭಾಷೆಗೇ ಬರೋಣ. ಆಡಿಟರ್‌ಗೂ ಗೋಡೆ ಹಾರಿ ಬಂದು ಲೆಡ್ಜರ್ ತೆಗೆದು ನೋಡೋನಿಗೂ ಇರೋ ವ್ಯತ್ಯಾಸ ಒಂದು ಕಾಗದ: ನೇಮಕಾತಿ ಪತ್ರ. ಇಬ್ಬರೂ ನೋಡೋದು ಅದೇ ಲೆಡ್ಜರ್. ಇವತ್ತಿನ ಭಾರತದ ಕಾನೂನೂ ಹೀಗೇ ಯೋಚಿಸುತ್ತೆ. 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ ಮಾಲೀಕರ ಅನುಮತಿ ಇಲ್ಲದೇ ಕಂಪ್ಯೂಟರಿಗೋ ನೆಟ್‌ವರ್ಕಿಗೋ ಪ್ರವೇಶಿಸೋದರ ಬಗ್ಗೆ ಮಾತಾಡುತ್ತೆ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದ್ದರಿಂದ ಪಿಜಿ ವೈಫೈ ಮೇಲೋ ಕಾಲೇಜು ಲ್ಯಾಬಿನಲ್ಲೋ 'ಸುಮ್ನೆ ನೋಡ್ತೀನಿ' ಅಂತ ಟೂಲ್ ಓಡಿಸೋ ಯೋಚನೆ ಇದ್ರೆ, ಮೊದಲು ಅನುಮತಿ ಬರಹದಲ್ಲಿ ತಗೊಳ್ಳಿ. ನಿಮ್ಮ ಮನೆಯ ರೌಟರ್ ಆದರೆ ನಿಮ್ಮಿಷ್ಟ.

ಸೇಟನ್ ಆಮೇಲೆ ಬೇಗ ಹಳತಾಯ್ತು. ಅದರ ದೋಷಪಟ್ಟಿಯನ್ನ ಹೊಸದು ಮಾಡ್ತಾ ಹೋಗೋರು ಬೇಕಲ್ಲ. ಆ ಜಾಗಕ್ಕೆ ಮಕ್ಕಳು ಮೊಮ್ಮಕ್ಕಳು ಬಂದರು. 1997ರ ಸೆಪ್ಟೆಂಬರಿನಲ್ಲಿ ಫ್ರಾಕ್ ಅನ್ನೋ ಹ್ಯಾಕರ್ ಪತ್ರಿಕೆಯ 51ನೇ ಸಂಚಿಕೆಯಲ್ಲಿ ಫ್ಯೋದೋರ್ ಅನ್ನೋ ಅಡ್ಡಹೆಸರಿನ ಗಾರ್ಡನ್ ಲಯನ್, ಎನ್‌ಮ್ಯಾಪ್ ಅನ್ನೋ ಸ್ಕ್ಯಾನರಿನ ಕೋಡನ್ನು ಪೂರ್ತಿ ಅಚ್ಚು ಹಾಕಿಸಿದ. ಒಂದು ಯಂತ್ರಕ್ಕೆ ಇರೋ 65,535 ಪೋರ್ಟುಗಳಲ್ಲಿ, ಅಂದ್ರೆ ಬಾಗಿಲುಗಳಲ್ಲಿ, ಯಾವುದು ತೆರೆದಿದೆ ಅಂತ ಹೇಳೋದು ಅದು. ಇವತ್ತಿಗೂ ಈ ಕೆಲಸಕ್ಕೆ ಮೊದಲು ಕಲಿಯೋ ಟೂಲ್ ಅದೇ. ಮೇಟ್ರಿಕ್ಸ್ ರೀಲೋಡೆಡ್ ಸಿನಿಮಾದಲ್ಲಿ ಟ್ರಿನಿಟಿ ಕಂಪ್ಯೂಟರ್ ಮುಂದೆ ಕೂತು ಓಡಿಸೋದೂ ಅದನ್ನೇ. 1998ರಲ್ಲಿ ಫ್ರಾನ್ಸಿನ ರೆನೋ ಡೆರೈಸನ್ ನೆಸಸ್ ಶುರುಮಾಡಿದ. ಅದೂ ಪುಕ್ಕಟೆ, ಕೋಡೂ ತೆರೆದದ್ದು. 2005ರಲ್ಲಿ ಅವರ ಟೆನಬಲ್ ಕಂಪನಿ ಬಾಗಿಲು ಹಾಕ್ಕೊಂಡು, ಮುಂದಿನ ಆವೃತ್ತಿಯ ಕೋಡ್ ಕೊಡಲ್ಲ ಅಂತು. ಬೇಸರವಾದ ಕೆಲವರು ಹಳೇ ಕೋಡ್ ಹಿಡಿದು ಓಪನ್‌ವ್ಯಾಸ್ ಕಟ್ಟಿದರು. ದುಡ್ಡಿನ ಲೆಕ್ಕ ಬೇಕು ಅನ್ನೋರಿಗೆ ಇನ್ನೊಂದು: ಜಾರ್ಜಿಯಾ ಟೆಕ್ ವಿದ್ಯಾರ್ಥಿ ಕ್ರಿಸ್ಟೋಫರ್ ಕ್ಲೌಸ್, ಸೇಟನ್‌ಗಿಂತಲೂ ಮುಂಚೆ ಬರೆದ ಒಂದು ಸ್ಕ್ಯಾನರಿನಿಂದ ಕಂಪನಿ ಕಟ್ಟಿದ. 2006ರಲ್ಲಿ ಐಬಿಎಂ ಆ ಕಂಪನಿಯನ್ನ ಸುಮಾರು 130 ಕೋಟಿ ಡಾಲರಿಗೆ ಕೊಂಡುಕೊಂಡಿತು. ಬಂದೂಕು ಅಂದಿದ್ದರಲ್ಲ, ಅದೇ ಸರಕು.

ಪುಕ್ಕಟೆ ಟೂಲ್ ಒಂದು ಕೆಲವೊಮ್ಮೆ ದೊಡ್ಡವರನ್ನೂ ಓಡಿಸುತ್ತೆ ಅನ್ನೋದಕ್ಕೆ 2010ರ ಅಕ್ಟೋಬರ್ ನೋಡಿ. ಎರಿಕ್ ಬಟ್ಲರ್ ಅನ್ನೋನು ಫೈರ್‌ಶೀಪ್ ಅನ್ನೋ ಬ್ರೌಸರ್ ಎಕ್ಸ್‌ಟೆನ್ಶನ್ ಬಿಟ್ಟ. ಪಾಸ್‌ವರ್ಡ್ ಇಲ್ಲದ ಕಾಫಿ ಶಾಪಿನ ವೈಫೈಯಲ್ಲಿ ಕೂತು ಅದನ್ನು ಹಾಕಿದರೆ, ಪಕ್ಕದ ಟೇಬಲ್ಲಿನವರ ಫೇಸ್‌ಬುಕ್ ಖಾತೆ ನಿಮ್ಮ ಪರದೆ ಮೇಲೆ ಫೋಟೋ ಸಮೇತ ಬರ್ತಿತ್ತು. ಯಾಕೆ? ಅದೇ ಹಳೇ ವಠಾರ. ತೆರೆದ ವೈಫೈ ಅಂದ್ರೆ ಹಳೇ ಈಥರ್ನೆಟ್ ಕೇಬಲ್ಲಿನ ಹಾಗೆ, ಎಲ್ಲರ ಮಾತು ಎಲ್ಲರಿಗೂ ಕೇಳುತ್ತೆ. ಲಾಗಿನ್ ಆಗುವಾಗ ಮಾತ್ರ ಗುಟ್ಟು ಕಾಪಾಡಿ, ಆಮೇಲೆ ಬಿಚ್ಚು ಮಾತಿಗೆ ಇಳೀತಿದ್ದವು ಆ ಸೈಟುಗಳು. ದೋಷ ವರ್ಷಗಳಿಂದ ಗೊತ್ತಿದ್ದದ್ದೇ. ಈ ಸಲ ಮರ್ಯಾದೆ ಹೋದದ್ದು ಬೀದಿಯಲ್ಲಿ. ಮೂರು ತಿಂಗಳಲ್ಲಿ ಫೇಸ್‌ಬುಕ್ ಪೂರ್ತಿ ಎಚ್‌ಟಿಟಿಪಿಎಸ್ ಆಯ್ಕೆ ಕೊಡೋಕೆ ಶುರುಮಾಡ್ತು. ಇವತ್ತು ನಿಮ್ಮ ಫೋನಿನ ಬ್ರೌಸರ್, ಸುರಕ್ಷಿತವಲ್ಲದ ಸೈಟಿಗೆ ಹೋದರೆ ಎಚ್ಚರಿಸುತ್ತಲ್ಲ, ಆ ಬದಲಾವಣೆಗೆ ಇಂಥ ಮುಜುಗರಗಳೂ ಒಂದು ಕಾರಣ.

ಇನ್ನು ನಮ್ಮ ಇಬ್ಬರ ಸುದ್ದಿ. ವೆನೆಮಾ ಐಬಿಎಂಗೆ ಹೋಗಿ ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಸರ್ವರ್ ಬರೆದ. ಸೇಟನ್ ಹಿಡೀತಿದ್ದ ಆ ಹಳೇ ಮೇಲ್ ಪ್ರೋಗ್ರಾಮಿಗೆ ಬದಲಿಯಾಗಿ, ತೂತು ಕಡಿಮೆ ಇರೋ ಹಾಗೆ. ದೂರಿದವನೇ ಕಟ್ಟಿಕೊಟ್ಟ.

ಫಾರ್ಮರ್ ಮತ್ತೆ ಸುದ್ದಿಗೆ ಬಂದದ್ದು 2013ರಲ್ಲಿ. ಡೇಟಾ ಸೆಂಟರಿನ ಸರ್ವರುಗಳ ಒಳಗೆ ಇನ್ನೊಂದು ಪುಟಾಣಿ ಕಂಪ್ಯೂಟರ್ ಇರುತ್ತೆ. ಸರ್ವರ್ ಆಫ್ ಆಗಿದ್ದರೂ ಇದು ಎಚ್ಚರವಾಗಿದ್ದು, ದೂರದಿಂದ ಅದನ್ನ ನಿಭಾಯಿಸೋಕೆ ನೆರವಾಗುತ್ತೆ. ಐಪಿಎಂಐ ಅಂತ ಆ ವ್ಯವಸ್ಥೆಯ ಹೆಸರು. ಫಾರ್ಮರ್ ಅದನ್ನ ಕೂತು ಪರೀಕ್ಷಿಸಿದ. ಅದರಲ್ಲಿ ಸೈಫರ್ ಜೀರೋ ಅನ್ನೋ ಒಂದು ಆಯ್ಕೆ ಇತ್ತು. ಅದು ಚಾಲೂ ಇದ್ದರೆ ಯೂಸರ್ ಹೆಸರು ಸರಿಯಿದ್ದರೆ ಸಾಕು, ಪಾಸ್‌ವರ್ಡ್ ಜಾಗದಲ್ಲಿ ಏನು ಟೈಪ್ ಮಾಡಿದರೂ ಒಳಗೆ ಬಿಡ್ತಿತ್ತು. ಎಷ್ಟೋ ಕಂಪನಿಗಳ ಯಂತ್ರಗಳು ಆ ಆಯ್ಕೆ ಚಾಲೂ ಇಟ್ಟುಕೊಂಡೇ ಡಬ್ಬದಿಂದ ಆಚೆ ಬರ್ತಿದ್ದವು.

ಮುಂದಿನ ವಾರ ಸಿಗೋಣ. ಅಲ್ಲೀವರೆಗೆ, ನಿಮ್ಮ ಮನೆ ರೌಟರಿನ ಹಿಂದೆ ಅಂಟಿಸಿರೋ ಚೀಟಿಯಲ್ಲಿ ಏನಿದೆ ಅಂತ ಒಂದ್ಸಲ ಓದ್ಕೊಳ್ಳಿ. ನಮಸ್ಕಾರ.